ಕಾಸರಗೋಡಿನ ಯುವಜನರು ಊರಿನ ಹಕ್ಕಿನ ಪ್ರಶ್ನೆಯನ್ನು ವಿಶ್ವಸಂಸ್ಥೆಯವರೆಗೆ ಒಯ್ಯುವ ಬಗೆ

ಎಂಡೋಸಲ್ಫಾನ್ ಕೀಟನಾಶಕವನ್ನು ಜಗತ್ತಿನಿಂದಲೇ ಹಂತಹಂತವಾಗಿ ತೊಲಗಿಸಬೇಕೆಂಬ ತೀರ್ಮಾನವನ್ನು ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ನಿಯಂತ್ರಿಸುವ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿ ಕೈಗೊಂಡವು. ಹಲವು ದೇಶಗಳ ಅಧ್ಯಯನಗಳು ಅದಕ್ಕೆ ಆಧಾರವಾಗಿದ್ದವು ನಿಜ. ಆದರೆ ಆ ವಿಷದ ಮಾತು ಬಂದಾಗಲೆಲ್ಲ ಜಗತ್ತಿಗೆ ನೆನಪಾಗುತ್ತಿದ್ದುದು ನಮ್ಮ ಕಾಸರಗೋಡು ಜಿಲ್ಲೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿಯುತ್ತಿದ್ದ ಕಾಲದಲ್ಲಿ ಎಣ್ಮಕಜೆ ಪಂಚಾಯತಿನ ಪಡ್ರೆಯ ಪತ್ರಕರ್ತ ಶ್ರೀಪಡ್ರೆ ತಾವು ಕಂಡದ್ದನ್ನು ಬರೆದರು. ವಾಣಿನಗರದ ವೈದ್ಯ ಡಾ. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದ ಕಾಯಿಲೆಗಳನ್ನು ಗಮನಿಸಿ ದನಿಯೆತ್ತಿದರು. ಸಿಂಪಡಣೆ ನಿಲ್ಲಿಸಬೇಕೆಂದು 1998ರಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ತಡೆಯೊಡ್ಡಿದ್ದು ಡಿವೈಎಫ್‌ಐ ಎಂಬ ಯುವಜನ ಸಂಘಟನೆಯ ಅರ್ಜಿಯ ಮೇಲೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಆದೇಶವಾದದ್ದೂ ಅದೇ ಸಂಘಟನೆ ಬಿಡದೆ ಹಿಂದೆ ಬಿದ್ದುದರಿಂದ.

ಊರಿನಲ್ಲಿ ಸರಿಯಾಗಿ ಬರೆದಿಟ್ಟ ಸಂಗತಿಗೆ ದೂರ ಸಾಗುವ ಶಕ್ತಿ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಯುವಕ ಮಂಡಲಗಳು, ಯುವತಿ ಮಂಡಲಗಳು, ಗ್ರಂಥಾಲಯ ಬಳಗಗಳು ಮತ್ತು ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ಹಕ್ಕಿನ ಪ್ರಶ್ನೆಯೊಂದನ್ನು ಪಂಚಾಯತಿನಿಂದ ಆರಂಭಿಸಿ ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯವರೆಗೆ ಹೇಗೆ ಒಯ್ಯಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ವಿಮಾನ ಹತ್ತುವ ಮಾತು ಇದರಲ್ಲಿ ಬಹಳ ಕಡಿಮೆ. ಕೆಲಸದ ಬಹುಪಾಲು ಮನೆಮನೆಗೆ ಹೋಗಿ ಕೇಳುವುದು, ದಿನಾಂಕ ಹಾಕಿ ಬರೆಯುವುದು, ಪ್ರತಿ ತೆಗೆದಿಡುವುದು.

ಕೈಯಲ್ಲಿರುವ ಆಧಾರಗಳು

ಹೊರಡುವ ಮೊದಲು ನಿಮ್ಮ ಕೈಯಲ್ಲಿ ಯಾವ ಕಾನೂನು, ಯಾವ ಒಡಂಬಡಿಕೆ ಇದೆ ಎಂಬುದು ಸ್ಪಷ್ಟವಾಗಿರಬೇಕು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತು. ಭಾಷಾ ಅಲ್ಪಸಂಖ್ಯಾತರು ತಮ್ಮ ಭಾಷೆಯನ್ನು ಬಳಸುವ ಹಕ್ಕನ್ನು ಕಸಿಯಬಾರದೆಂದು ಅದರ 27ನೇ ವಿಧಿ ಹೇಳುತ್ತದೆ. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1992ರಲ್ಲಿ ಸೇರಿತು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಮಕ್ಕಳು ಹೇಳುವುದಕ್ಕೆ ಕಿವಿಗೊಡಬೇಕೆನ್ನುವುದು ಅದರ 12ನೇ ವಿಧಿ, ಅಲ್ಪಸಂಖ್ಯಾತ ಮಕ್ಕಳ ಭಾಷೆಯನ್ನು ಕಾಯುವುದು 30ನೇ ವಿಧಿ. ಯುವಜನರ ಮಟ್ಟಿಗೆ ಮುಖ್ಯವಾದದ್ದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರ ಡಿಸೆಂಬರ್ 9ರಂದು ಅಂಗೀಕರಿಸಿದ 2250ನೇ ನಿರ್ಣಯ. ಶಾಂತಿ ಮತ್ತು ಭದ್ರತೆಯ ತೀರ್ಮಾನಗಳಲ್ಲಿ 18ರಿಂದ 29 ವರ್ಷದೊಳಗಿನವರಿಗೆ ಪಾಲು ಸಿಗಬೇಕೆಂದು ಆ ಮಂಡಳಿ ಹೇಳಿದ್ದು ಅದೇ ಮೊದಲು. ಅದು ಯುದ್ಧಪೀಡಿತ ದೇಶಗಳನ್ನು ಮುಖ್ಯವಾಗಿ ಕಣ್ಣೆದುರಿಗಿಟ್ಟುಕೊಂಡ ನಿರ್ಣಯವೆನ್ನುವುದು ಸರಿಯಾದರೂ, ಭಾಗವಹಿಸುವಿಕೆ, ರಕ್ಷಣೆ, ಹಿಂಸೆ ಹುಟ್ಟದಂತೆ ಮುಂಚಿತವಾಗಿ ತಡೆಯುವುದು ಎಂದು ಅದು ಹೇಳುವ ಮಾತುಗಳು, ಕೋಮುಗಲಭೆಯ ನೋವನ್ನು ಉಂಡಿರುವ ನಮ್ಮಂಥ ಜಿಲ್ಲೆಗೂ ಸಲ್ಲುತ್ತವೆ ಎಂದು ನಾನು ದೃಢವಾಗಿ ನಂಬುತ್ತೇನೆ.

ದೇಶದೊಳಗಿನ ಆಧಾರಗಳು ಇನ್ನೂ ಗಟ್ಟಿ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 350ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿದ್ದಾರೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡಿಗರು ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ನೀವು ಬರೆಯುವ ಪ್ರತಿಯೊಂದು ಮನವಿಯಲ್ಲಿ ಇವುಗಳಲ್ಲಿ ಅನ್ವಯವಾಗುವುದನ್ನು ಹೆಸರಿಸಿ. ಅನ್ವಯವಾಗದ್ದನ್ನು ಸೇರಿಸಿ ಪತ್ರವನ್ನು ಉದ್ದ ಮಾಡಬೇಡಿ.

ವಿಷಯವನ್ನು ಕಿರಿದು ಮಾಡುವುದು

‘ಗಡಿನಾಡ ಕನ್ನಡಿಗರ ಸಮಸ್ಯೆ’ ಎಂಬುದು ಸಭೆಯಲ್ಲಿ ಭಾಷಣಕ್ಕೆ ಒದಗೀತು, ಅರ್ಜಿಗೆ ಒದಗುವುದಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಓದಲು ಬಾರದ ಶಿಕ್ಷಕರನ್ನು ನೇಮಿಸಿದ್ದರೆ ಯಾವ ಶಾಲೆ, ಯಾವ ವಿಷಯ, ಯಾವ ದಿನಾಂಕದಿಂದ, ಎಷ್ಟು ಮಕ್ಕಳು ಎಂಬುದೇ ನಿಮ್ಮ ವಿಷಯ. ಕಚೇರಿಯ ನಮೂನೆಗಳು ಮಲಯಾಳದಲ್ಲಿ ಮಾತ್ರ ಸಿಗುತ್ತಿದ್ದರೆ ಯಾವ ಕಚೇರಿ, ಯಾವ ನಮೂನೆ ಎಂಬುದು. ಎಂಡೋಸಲ್ಫಾನ್ ಸಂತ್ರಸ್ತರ ಚಿಕಿತ್ಸೆ, 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು, ಇಂಥವು ಭಾಷೆಯ ಗೆರೆಯನ್ನು ದಾಟಿ ಎಲ್ಲರನ್ನೂ ತಟ್ಟುವ ವಿಷಯಗಳು. ಮೊದಲ ಬಾರಿಗೆ ಕೈಹಾಕುವ ತಂಡಕ್ಕೆ ಇಂಥ ವಿಷಯವೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಮಲಯಾಳ, ತುಳು, ಬ್ಯಾರಿ, ಕೊಂಕಣಿ ಆಡುವ ಗೆಳೆಯರು ಒಂದೇ ಅರ್ಜಿಗೆ ಸಹಿ ಹಾಕಿದಾಗ ಅದನ್ನು ಭಾಷಾಜಗಳವೆಂದು ತಳ್ಳಿಹಾಕಲು ಯಾರಿಗೂ ಆಗುವುದಿಲ್ಲ.

ದಾಖಲೆ ಮಾಡುವುದು

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ. ಮಾತನಾಡಿಸಲು ಇಬ್ಬರು ಒಟ್ಟಿಗೆ ಹೋಗಬೇಕು, ಒಬ್ಬರು ಕೇಳಲು, ಇನ್ನೊಬ್ಬರು ಬರೆಯಲು. ಮಹಿಳೆಯರನ್ನು ಮಾತನಾಡಿಸುವ ತಂಡದಲ್ಲಿ ಒಬ್ಬ ಯುವತಿಯಾದರೂ ಇರಬೇಕು. ಮನೆಯವರು ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಬ್ಯಾರಿಯಲ್ಲಿ ಹೇಳಿದರೆ ಬ್ಯಾರಿಯಲ್ಲೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಅನುವಾದದ ಕೆಲಸ ಆಮೇಲಿನದು. ಕಣ್ಣಾರೆ ಕಂಡದ್ದು, ಇನ್ನೊಬ್ಬರಿಂದ ಕೇಳಿದ್ದು, ತಂಡದ ಊಹೆ, ಈ ಮೂರನ್ನು ಬೇರೆ ಬೇರೆ ಪುಟಗಳಲ್ಲಿ ಇಡಬೇಕು. ಕಚೇರಿಗೆ ಕೊಟ್ಟ ಪ್ರತಿ ಮನವಿಗೂ ಮೊಹರು ಹಾಕಿದ ರಸೀದಿ ಪಡೆಯಿರಿ, ಬಂದ ಉತ್ತರದ ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆಯ ದಿನಾಂಕ ಒಮ್ಮೊಮ್ಮೆ ನಿರ್ಣಾಯಕವಾಗುತ್ತದೆ. ಅಂಕಿಸಂಖ್ಯೆ ಬೇಕಾದಲ್ಲಿ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ.

ಒಪ್ಪಿಗೆಯ ವಿಚಾರದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಹೇಳಿಕೆ ಎಲ್ಲಿಗೆ ಹೋಗುತ್ತದೆ, ಹೆಸರು ಪ್ರಕಟವಾಗುತ್ತದೆಯೇ, ಅದರಿಂದ ತೊಂದರೆ ಬಂದೀತೇ ಎಂಬುದನ್ನು ಅವರ ಭಾಷೆಯಲ್ಲಿ ತಿಳಿಸಿ, ಯೋಚಿಸಲು ಸಮಯ ಕೊಟ್ಟು, ಆಮೇಲೆ ಸಹಿ ಪಡೆಯಬೇಕು; ಬೇಡವೆಂದರೆ ಕಾರಣ ಕೇಳದೆ ಹಿಂದಿರುಗಬೇಕು. ನಮ್ಮ ಜಿಲ್ಲೆಯ ಅಂಗವಿಕಲ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ, ಪ್ರದರ್ಶನಗಳಲ್ಲಿ ಎಷ್ಟು ಸಲ ಬಂದಿವೆಯೆಂದರೆ, ಕ್ಯಾಮೆರಾ ಕಂಡೊಡನೆ ಬಾಗಿಲು ಮುಚ್ಚಿಕೊಳ್ಳಬೇಕೆಂದು ಒಂದು ಮನೆಯವರಿಗೆ ಅನ್ನಿಸಿದರೆ ಅದು ಅವರ ತಪ್ಪಲ್ಲ. ಮುಖದ ಚಿತ್ರವಿಲ್ಲದೆಯೂ ಆಸ್ಪತ್ರೆಯ ಚೀಟಿ, ಪಿಂಚಣಿ ಬಾರದ ತಿಂಗಳುಗಳ ಪಟ್ಟಿ, ಚಿಕಿತ್ಸೆಗಾಗಿ ಓಡಾಡಿದ ದೂರ, ಇವು ಅರ್ಜಿಗೆ ಸಾಕಾಗುತ್ತವೆ. ನೋವನ್ನು ತೋರಿಸದೆ ಹಕ್ಕನ್ನು ಕೇಳುವ ಮನವಿಯೇ ಮನುಷ್ಯರ ಘನತೆಗೆ ಒಪ್ಪುವಂಥದ್ದು.

ಮೊದಲು ಹತ್ತಿರದ ಬಾಗಿಲುಗಳು

ಕೇರಳದಲ್ಲಿ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅಲ್ಲಿ ವಿಷಯ ಮಂಡಿಸಿ, ನಡಾವಳಿಯಲ್ಲಿ ದಾಖಲಾಯಿತೇ ಎಂದು ನೋಡಿಕೊಂಡು ಪ್ರತಿ ಪಡೆಯಿರಿ. ನಂತರ ಇಲಾಖೆಗೆ ಕನ್ನಡದಲ್ಲಿ ಮನವಿ, ಭಾಷೆಯ ಪ್ರಶ್ನೆಯಾದರೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಪ್ರತಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ ದೂರು ಸಲ್ಲಿಸಬಹುದು, ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಿದ್ದರೂ ಅದನ್ನು ಸ್ವೀಕರಿಸುತ್ತಾರೆ, ಶುಲ್ಕವಿಲ್ಲ. ಎರಡು ಎಚ್ಚರಿಕೆಗಳಿವೆ: ಘಟನೆ ನಡೆದು ಒಂದು ವರ್ಷ ಕಳೆದಿದ್ದರೆ ಆಯೋಗ ವಿಚಾರಣೆ ಮಾಡುವುದಿಲ್ಲ, ಅದೇ ವಿಷಯ ರಾಜ್ಯ ಆಯೋಗದ ಮುಂದಿದ್ದರೆ ಅದನ್ನೂ ಕೈಗೆತ್ತಿಕೊಳ್ಳುವುದಿಲ್ಲ. ಹಾಗಾಗಿ ಎರಡೂ ಕಡೆ ಒಟ್ಟಿಗೆ ಕೊಡಬೇಡಿ.

ಜಿನೀವಾದ ದಾರಿಗಳು

ವ್ಯಕ್ತಿಗತ ದೂರನ್ನು ಆಲಿಸಲು ಅವಕಾಶ ಕೊಡುವ ಐಚ್ಛಿಕ ಪ್ರೋಟೋಕಾಲಿಗೆ, ಅಂದರೆ ದೇಶಗಳು ಬೇಕಿದ್ದರೆ ಒಪ್ಪಬಹುದಾದ ಪೂರಕ ಒಪ್ಪಂದಕ್ಕೆ, ಭಾರತ ಒಪ್ಪಿಗೆ ಕೊಟ್ಟಿಲ್ಲ. ಆದ್ದರಿಂದ ನಾಗರಿಕ ಹಕ್ಕುಗಳ ಒಡಂಬಡಿಕೆಯ ಮಾನವ ಹಕ್ಕುಗಳ ಸಮಿತಿಗೆ ಭಾರತದ ವಿರುದ್ಧ ವೈಯಕ್ತಿಕ ದೂರು ಕೊಡಲು ಬರುವುದಿಲ್ಲ. ಆದರೂ ಭಾರತ ಅಲ್ಲಿಗೆ ವರದಿ ಒಪ್ಪಿಸುತ್ತದೆ. 1997ರ ನಂತರ 2024ರ ಜುಲೈಯಲ್ಲಿ ಸಮಿತಿ ಭಾರತದ ವರದಿಯನ್ನು ಪರಿಶೀಲಿಸಿತು, ಇಂಥ ಪರಿಶೀಲನೆಗೆ ಮುಂಚೆ ನಾಗರಿಕ ಸಂಘಗಳು ತಮ್ಮ ಮಾಹಿತಿಯನ್ನು ಕಳಿಸಬಹುದು.

ನಮ್ಮಂಥವರಿಗೆ ಹೆಚ್ಚು ಸುಲಭವಾದದ್ದು ವಿಶ್ವಸಂಸ್ಥೆಯ ವಿಶೇಷ ವರದಿಗಾರರೆಂಬ ತಜ್ಞರಿಗೆ ಪತ್ರ ಬರೆಯುವ ದಾರಿ. ಅಲ್ಪಸಂಖ್ಯಾತರ ವಿಷಯ, ಶಿಕ್ಷಣ, ವಿಷಕಾರಿ ವಸ್ತುಗಳು ಮತ್ತು ಮಾನವ ಹಕ್ಕು, ಹೀಗೆ ಬೇರೆ ಬೇರೆ ವಿಷಯಗಳಿಗೆ ಮಾನವ ಹಕ್ಕುಗಳ ಮಂಡಳಿ ಸ್ವತಂತ್ರ ತಜ್ಞರನ್ನು ನೇಮಿಸಿದೆ. ಇವರಿಗೆ ಬರೆಯಲು ದೇಶದ ನ್ಯಾಯಾಲಯಗಳ ದಾರಿ ಮುಗಿದಿರಬೇಕೆಂಬ ನಿಯಮವಿಲ್ಲ, ದೇಶ ಯಾವ ಒಡಂಬಡಿಕೆಗೆ ಸಹಿ ಹಾಕಿದೆ ಎಂಬುದೂ ಅಡ್ಡಿಯಲ್ಲ. ಯಾರಿಗೆ, ಎಲ್ಲಿ, ಯಾವಾಗ, ಏನಾಯಿತು, ಯಾರಿಂದ, ಈಗ ಯಾವ ಹಂತದಲ್ಲಿದೆ ಎಂಬುದನ್ನು ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯ ಜಾಲತಾಣದ ನಮೂನೆಯಲ್ಲಿ ಇಂಗ್ಲಿಷಿನಲ್ಲಿ ತುಂಬಬೇಕು. ತಜ್ಞರು ಸರ್ಕಾರಕ್ಕೆ ಬರೆದ ಪತ್ರ ಸಾಮಾನ್ಯವಾಗಿ 60 ದಿನಗಳ ಬಳಿಕ ಸಾರ್ವಜನಿಕವಾಗುತ್ತದೆ. ಒಪ್ಪಿಗೆ ಪಡೆಯುವಾಗ ಇದನ್ನು ಸಂಬಂಧಪಟ್ಟ ಮನೆಯವರಿಗೆ ಹೇಳಿರಲೇಬೇಕು.

ಇನ್ನೊಂದು ದಾರಿ ಯುಪಿಆರ್, ಅಂದರೆ ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳ ಮಾನವ ಹಕ್ಕುಗಳ ಸ್ಥಿತಿಯನ್ನು ಸರದಿಯ ಪ್ರಕಾರ ಪರಾಮರ್ಶಿಸುವ ಕ್ರಮ. ಭಾರತದ ಸರದಿ 2008, 2012, 2017 ಮತ್ತು 2022ರಲ್ಲಿ ಬಂದಿತ್ತು. ನೋಂದಣಿ ಇರುವ, ಇಲ್ಲದಿರುವ ಸಂಘಗಳೆಲ್ಲ ಇದಕ್ಕೆ ಮಾಹಿತಿ ಕಳಿಸಬಹುದು. ಒಂದು ಸಂಘ ಒಂಟಿಯಾಗಿ ಕಳಿಸಿದರೆ 2,815 ಪದಗಳ ಮಿತಿ, ಹಲವು ಸಂಘಗಳು ಕೂಡಿ ಕಳಿಸಿದರೆ 5,630. ಪರಾಮರ್ಶೆಗೆ ತಿಂಗಳುಗಳ ಮುಂಚೆಯೇ ಗಡುವು ಮುಗಿಯುವುದರಿಂದ ವೇಳಾಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ. ಇಲ್ಲಿ ನಾನು ಒತ್ತಿ ಹೇಳುವುದು ಕೂಡಿ ಕಳಿಸುವುದನ್ನು: ಕಾಸರಗೋಡಿನ ಕನ್ನಡಿಗರು, ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಕನ್ನಡಿಗರು, ಹೊಸೂರು ಮತ್ತು ತಾಳವಾಡಿಯ ಕನ್ನಡಿಗರು ತಂತಮ್ಮ ಶಾಲೆಗಳ ಸ್ಥಿತಿಯನ್ನು ಒಂದೇ ಪತ್ರದಲ್ಲಿ ಇಟ್ಟರೆ, ಬೆಳಗಾವಿಯ ಮರಾಠಿ ಯುವಜನರನ್ನೂ ಅದರೊಳಗೆ ಕರೆದುಕೊಂಡರೆ, ಅದು ಒಂದು ರಾಜ್ಯದ ಮೇಲಿನ ದೂರಾಗದೆ ಗಡಿಯ ಮಕ್ಕಳ ಹಕ್ಕಿನ ಪತ್ರವಾಗುತ್ತದೆ. ನಮಗೆ ಬೇಕೆಂದು ಕೇಳುವುದನ್ನು ನಮ್ಮ ನೆರೆಯವರಿಗೂ ಕೇಳುವುದು ಶಾಂತಿಯ ಕೆಲಸ. ಪರಾಮರ್ಶೆಯಲ್ಲಿ ಬೇರೆ ದೇಶಗಳು ಭಾರತಕ್ಕೆ ಶಿಫಾರಸು ಮಾಡುತ್ತವೆ. ನಿಮ್ಮ ವಿಷಯದಲ್ಲಿ ಆಸಕ್ತಿ ತೋರಬಹುದಾದ ದೇಶದ ರಾಯಭಾರ ಕಚೇರಿಗೆ ಒಂದು ಪುಟದ ಸಾರಾಂಶವನ್ನು ಮುಂಚಿತವಾಗಿ ಕಳಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಅಲ್ಪಸಂಖ್ಯಾತರ ವಿಷಯಗಳ ವೇದಿಕೆಯೊಂದು ಪ್ರತಿ ವರ್ಷ ಜಿನೀವಾದಲ್ಲಿ ಸೇರುತ್ತದೆ. ಅಲ್ಲಿ ಮಾತನಾಡುವ ಅವಕಾಶ ಸಿಕ್ಕರೆ ತಂಡದವರೇ ಕೂಡಿ ಪ್ರತಿನಿಧಿಯನ್ನು ಆರಿಸಬೇಕು, ಹಿರಿಯರು ಹೆಸರು ಸೂಚಿಸಿ ಕಿರಿಯರು ಚಪ್ಪಾಳೆ ತಟ್ಟುವ ಪದ್ಧತಿ ಬೇಡ. 18ರೊಳಗಿನವರನ್ನು ಫಲಕ ಹಿಡಿಸಲು ಮಾತ್ರ ಕರೆದು, ಬರೆಯುವಾಗ ಹೊರಗಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ; ಬಾಲಸಭೆಗಳ ಮಕ್ಕಳಿಗೆ ಕರಡನ್ನು ಓದಿ ಹೇಳಿ, ಅವರು ಬೇಡವೆಂದ ಸಾಲನ್ನು ತೆಗೆಯಿರಿ.

ಹಣ ಮತ್ತು ಹಿಂದಿರುಗಿದ ಮೇಲೆ

ವಿದೇಶದ ಸಂಸ್ಥೆಯೊಂದು ನೆರವು ಕೊಡುತ್ತೇನೆಂದರೆ ಕೂಡಲೇ ಒಪ್ಪಿಕೊಳ್ಳಬೇಡಿ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಸಂಘ ವಿದೇಶದ ಹಣವನ್ನು ಪಡೆಯುವಂತಿಲ್ಲ. ಒಬ್ಬ ಸದಸ್ಯನ ಸ್ವಂತ ಖಾತೆಗೆ ತರಿಸಿ ಸಂಘಕ್ಕೆ ಬಳಸುವುದರಿಂದ ವರ್ಷಗಳ ಕೆಲಸವೇ ಅಪಾಯಕ್ಕೆ ಸಿಲುಕುತ್ತದೆ. ಮೇಲೆ ಹೇಳಿದ ಕೆಲಸಗಳಲ್ಲಿ ಪ್ರಯಾಣವೊಂದನ್ನು ಬಿಟ್ಟರೆ ಉಳಿದುವಕ್ಕೆ ಊರಿನ ಚಂದಾ ಸಾಕು.

ಶಿಫಾರಸು ಬಂದರೆ, ಸರ್ಕಾರ ಅದನ್ನು ಒಪ್ಪಿದರೆ, ಆ ವಾಕ್ಯವನ್ನು ಕನ್ನಡಕ್ಕೂ ಮಲಯಾಳಕ್ಕೂ ತಂದು ಹೇಳಿಕೆ ಕೊಟ್ಟ ಪ್ರತಿಯೊಂದು ಮನೆಗೆ ತಲುಪಿಸಿ, ಶಾಲೆಯ ಪೋಷಕ-ಶಿಕ್ಷಕರ (ಪಿಟಿಎ) ಸಭೆಯಲ್ಲಿ ಓದಿ, ಪಂಚಾಯತಿನ ಅಭಿವೃದ್ಧಿ ಸೆಮಿನಾರಿನಲ್ಲಿ ಶಿಕ್ಷಣದ ಅಥವಾ ಆರೋಗ್ಯದ ಕಾರ್ಯತಂಡದ ಮುಂದಿಡಿ. ಒಪ್ಪದಿದ್ದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿಸಿ. ಎರಡೂ ಸಂದರ್ಭಗಳಲ್ಲಿ ದಾಖಲೆಗಳ ಒಂದು ಕಟ್ಟನ್ನು ಊರಿನ ಗ್ರಂಥಾಲಯದಲ್ಲಿ ಇಡಿ, ಹೆಸರು ಗುಟ್ಟಾಗಿಡಬೇಕೆಂದವರ ಪುಟಗಳನ್ನು ಮಾತ್ರ ಬೇರೆಯಾಗಿ ಬೀಗದೊಳಗೆ ಇಡಿ. ಮುಂದಿನ ಸರದಿಗೆ ಬರೆಯುವವರು ಇಂದು ಹೈಸ್ಕೂಲಿನಲ್ಲಿರುವ ಮಕ್ಕಳಾಗಿರುತ್ತಾರೆ, ಅವರಿಗೆ ಬೇಕಾದ ಮೊದಲ ಆಧಾರ ಆ ಕಟ್ಟಿನಲ್ಲೇ ಸಿಗಬೇಕು.