ತಲೆ ಸವೆದ ಬೋಲ್ಟು, ಒಳಗೇ ಮುರಿದ ಬೋಲ್ಟು: ಮನೆಯಲ್ಲಿ ತೆಗೆಯುವ ಕ್ರಮ

ಪಾನಾ ಒಮ್ಮೆ ಜಾರಿದರೆ ಅಲ್ಲಿಗೇ ಕೈ ತಡೆಯಬೇಕು. ಮೊದಲ ಸಲ ಜಾರಿದಾಗ ಬೋಲ್ಟಿನ ತಲೆಯ ಮೂಲೆಗಳು ತುಸು ಸವೆದಿರುತ್ತವೆ, ಅಷ್ಟೆ. ಅವನ್ನು ಪೂರ್ತಿ ಗೋಲು ಮಾಡುವುದು ‘ಇನ್ನೊಮ್ಮೆ ನೋಡೋಣ’ ಎಂದು ಅದೇ ಪಾನಾ ಹಚ್ಚಿ ಮತ್ತಷ್ಟು ಜೋರಾಗಿ ಎಳೆಯುವ ನಮ್ಮ ಹಟ. ಬಿಗಿದು ಕೂತ ಬೋಲ್ಟನ್ನು ತೆಗೆಯಲು ಹತ್ತಾರು ಉಪಾಯಗಳಿವೆ. ಅವುಗಳಲ್ಲಿ ಕೆಲವು ಸೋತರೂ ಮುಂದಿನ ದಾರಿ ತೆರೆದೇ ಇರುತ್ತದೆ, ಕೆಲವು ಸೋತರೆ ಉಳಿದ ದಾರಿಗಳೂ ಮುಚ್ಚಿಹೋಗುತ್ತವೆ. ಆದ್ದರಿಂದ ಎಣ್ಣೆ, ಪೆಟ್ಟು, ಕಾವು, ಹಿಡಿತ, ವೆಲ್ಡಿಂಗ್, ಕೊನೆಗೆ ಡ್ರಿಲ್ ಎಂಬ ಕ್ರಮವನ್ನು ಬಿಡದೆ ಸಾಗಬೇಕು.

ಬೋಲ್ಟು ಏಕೆ ಹಿಡಿದುಕೊಂಡಿದೆ ಎಂಬುದು ಗೊತ್ತಿದ್ದರೆ ಯಾವ ಉಪಾಯ ಫಲಿಸೀತು ಎಂಬುದೂ ತಿಳಿಯುತ್ತದೆ. ಬೆಳಗಾವಿ, ಖಾನಾಪುರಗಳ ಮಳೆಗಾಲದಲ್ಲಿ ಬೈಕಿನ ಕೆಳಭಾಗ ವಾರಗಟ್ಟಲೆ ಒಣಗುವುದೇ ಇಲ್ಲ. ಬಾಗಲಕೋಟೆ, ವಿಜಯಪುರಗಳಲ್ಲಿ ಮಳೆ ಕಡಿಮೆಯಾದರೂ, ಮಡ್‌ಗಾರ್ಡಿನ ಒಳಗೆ ಮೆತ್ತಿದ ಎರೆಮಣ್ಣು ತೇವವನ್ನು ಬಹಳ ಕಾಲ ಹಿಡಿದಿಡುತ್ತದೆ. ಗೊಬ್ಬರದ ಚೀಲ ಹೇರುವ ಗಾಡಿಯಾದರೆ ಯೂರಿಯಾದ ಪುಡಿ ಉಕ್ಕನ್ನು ಇನ್ನೂ ಬೇಗ ತಿನ್ನುತ್ತದೆ. ಇದು ಉಕ್ಕಿಗೆ ಉಕ್ಕು ಕೂಡಿದ ಜಾಗದ ಕಥೆ. ಎಂಜಿನ್ನಿನಲ್ಲಿ ಉಕ್ಕಿನ ಬೋಲ್ಟು ಅಲ್ಯುಮಿನಿಯಂ ಎರಕದೊಳಗೆ ಕೂತಿರುತ್ತದೆ. ಅಲ್ಲಿಗೆ ನೀರು ಸೇರಿದರೆ ಎರಡು ಲೋಹಗಳ ನಡುವೆ ಸಣ್ಣದೊಂದು ಬ್ಯಾಟರಿಯೇ ಏರ್ಪಟ್ಟು ಅಲ್ಯುಮಿನಿಯಂ ಕರಗುತ್ತ ಹೋಗುತ್ತದೆ, ಅದರಿಂದ ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಥ್ರೆಡ್ಡಿನ ಸಂದುಗಳಲ್ಲಿ ಬೆಣೆ ಹೊಡೆದಂತೆ ಬಿಗಿಯುತ್ತದೆ.

ಕೈ ಹಚ್ಚುವ ಮೊದಲು ಎರಡು ಸಂಗತಿಗಳನ್ನು ಖಾತ್ರಿ ಮಾಡಿಕೊಳ್ಳಿ. ಮೊದಲನೆಯದು ದಿಕ್ಕು. ಸೈಕಲ್ಲಿನ ಎಡಗಡೆಯ ಪೆಡಲು, ಯಮಹಾ ಬೈಕುಗಳ ಬಲಗಡೆಯ ಕನ್ನಡಿಯಂಥ ಕೆಲವು ಕಡೆ ಥ್ರೆಡ್ಡು ಉಲ್ಟಾ ಇರುತ್ತದೆ. ಗಾಡಿಯ ಕೆಳಗೆ ಮಲಗಿ ನೋಡುವಾಗ ಸೀದಾ ಥ್ರೆಡ್ಡೂ ಉಲ್ಟಾ ಎನಿಸಿ, ಸಡಿಲಿಸುವ ಬದಲು ಬಿಗಿ ಮಾಡುತ್ತ ಹೋಗುವವರಿದ್ದಾರೆ. ಎರಡನೆಯದು ಪಾನಾದ ಅಳತೆ. ನಮ್ಮ ಅನೇಕ ಮನೆಗಳಲ್ಲಿ ಹಳೆಯ ಟ್ರ್ಯಾಕ್ಟರಿನ ಇಂಚಿನ ಪಾನಾಗಳೇ ಇವೆ. ಅರ್ಧ ಇಂಚಿನ ಪಾನಾ ಎಂದರೆ 12.7 ಮಿ.ಮೀ.; 12 ಮಿ.ಮೀ. ತಲೆಗೆ ಅದು ಸಲೀಸಾಗಿ ಕೂರುತ್ತದೆ, ತುಸು ಬಲ ಬಿದ್ದೊಡನೆ ಆರೂ ಮೂಲೆಗಳನ್ನು ಕೆರೆದು ಹಾಕುತ್ತದೆ. ತಲೆ ಸವೆದ ಬೋಲ್ಟುಗಳಲ್ಲಿ ಹಲವು ತುಕ್ಕಿನಿಂದ ಕೆಟ್ಟವಲ್ಲ, ಇಂಥ ಪಾನಾದಿಂದ ಕೆಟ್ಟವು.

ಇನ್ನು ಎಣ್ಣೆ. ತಂತಿ ಬ್ರಷ್ಷಿನಿಂದ ಬೋಲ್ಟಿನ ಸುತ್ತಲಿನ ಮಣ್ಣು, ತುಕ್ಕು ಕೆರೆದು ತೆಗೆಯದೆ ಎಣ್ಣೆ ಹಾಕಿದರೆ ಅದು ಮಣ್ಣಿಗೆ ಹಾಕಿದ ಎಣ್ಣೆಯಷ್ಟೇ. ಡಬ್ಲ್ಯುಡಿ-40 ಸಿಕ್ಕರೆ ಆಗಬಹುದು; ಡೀಸೆಲ್ಲೂ ನಡೆಯುತ್ತದೆ. ಇವೆರಡಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಅಸಿಟೋನ್ ಮತ್ತು ಪವರ್ ಸ್ಟೀರಿಂಗಿಗೆ ಬಳಸುವ ಎಟಿಎಫ್ ಎಣ್ಣೆಯನ್ನು ಸಮಪಾಲು ಬೆರೆಸಿದ ಮಿಶ್ರಣ. ಇವು ಒಂದರೊಡನೊಂದು ಸರಿಯಾಗಿ ಬೆರೆಯುವುದಿಲ್ಲವಾದ್ದರಿಂದ ಪ್ರತಿ ಸಲ ಕುಲುಕಿ ಹಾಕಬೇಕು, ಬಣ್ಣಕ್ಕೂ ಪ್ಲಾಸ್ಟಿಕ್ಕಿಗೂ ತಗಲಿಸಬಾರದು, ಹತ್ತಿರ ಬೆಂಕಿ ಇರಬಾರದು. ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಎದ್ದು ಒಮ್ಮೆ ಹಾಕಿ, ಪ್ರತಿ ಸಲವೂ ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ಇಪ್ಪತ್ತು ಮೂವತ್ತು ಹಗುರ ಪೆಟ್ಟು ಕೊಡಿ. ಆ ನಡುಕಕ್ಕೆ ತುಕ್ಕಿನ ಪದರು ಬಿರಿದು ಎಣ್ಣೆಗೆ ಒಳದಾರಿ ಸಿಗುತ್ತದೆ. ರಾತ್ರಿಯಿಡೀ ಕಾಯಲು ಮನಸ್ಸಿಲ್ಲದೆ ಹಗಲೆಲ್ಲ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಬೆಳಿಗ್ಗೆ ಪಾನಾ ಹಚ್ಚಿದಾಗ ಮೊದಲು ಬಿಗಿಮಾಡುವ ದಿಕ್ಕಿಗೆ ಒಂದು ಎಳೆಯಷ್ಟು ಒತ್ತಿ, ಆಮೇಲೆ ಸಡಿಲಿಸುವ ದಿಕ್ಕಿಗೆ ತಿರುಗಿಸಿ. ಈ ಹಂತದಲ್ಲಿ ಕಿವಿ ಮತ್ತು ಅಂಗೈ ಎರಡನ್ನೂ ಎಚ್ಚರವಾಗಿಡಬೇಕು. ಬಿಡುವ ಬೋಲ್ಟು ‘ಟಣ್’ ಎಂದೋ ‘ಕಿರ್’ ಎಂದೋ ಸದ್ದು ಮಾಡಿ ಒಮ್ಮೆಲೆ ಜರುಗುತ್ತದೆ. ಮುರಿಯುವ ಬೋಲ್ಟು ಸದ್ದಿಲ್ಲದೆ, ಮೆತ್ತಗೆ, ಬೆಲ್ಲದ ಪಾಕ ಎಳೆದ ಹಾಗೆ ಬರುತ್ತದೆ. ಪಾನಾ ತಿರುಗುತ್ತಿರುತ್ತದೆ, ಬಿಗಿ ಮಾತ್ರ ಕಡಿಮೆಯಾಗುವುದಿಲ್ಲ. ಆ ಮೆತ್ತನೆಯ ಅನುಭವ ಬಂದೊಡನೆ ನಿಲ್ಲಿಸಿ, ಮತ್ತೆ ಎಣ್ಣೆ ಹಾಕಿ. ಬೋಲ್ಟು ಜರುಗಿದ ಮೇಲೂ ಒಂದೇ ಸಮ ತಿರುಗಿಸದೆ, ಕಾಲು ಸುತ್ತು ಹಿಂದೆ, ಅರೆಕಾಲು ಸುತ್ತು ಮುಂದೆ ಎಂದು ಆಡಿಸುತ್ತ ತೆಗೆಯಬೇಕು.

ಎಣ್ಣೆಗೆ ಬಗ್ಗದಿದ್ದರೆ ಕಾವು. ಒಂದೇ ಪ್ರಮಾಣದ ಕಾವಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹೀಗಾಗಿ ಎಂಜಿನ್ನಿನಲ್ಲಿ ಬೋಲ್ಟನ್ನು ಬಿಟ್ಟು ಅದರ ಸುತ್ತಲಿನ ಎರಕವನ್ನು ಹೀಟ್ ಗನ್ನಿನಿಂದ ಕಾಯಿಸಬೇಕು. ನೀರಿನ ಹನಿ ಬಿದ್ದರೆ ಚುರ್ ಎಂದು ಆರುವಷ್ಟು ಕಾದರೆ ಸಾಕು. ಡಿಸ್ಕ್ ಬ್ರೇಕಿನ ಬೋಲ್ಟುಗಳು ಬಿಡದಿರುವುದಕ್ಕೆ ಹೆಚ್ಚಾಗಿ ತುಕ್ಕಿಗಿಂತ ಕಂಪನಿಯಲ್ಲಿ ಹಚ್ಚಿದ ಥ್ರೆಡ್‌ಲಾಕಿನ ಅಂಟೇ ಕಾರಣ, ಅದು ಕಾವಿಗೆ ಮೆತ್ತಗಾಗುತ್ತದೆ. ಕಾಯಿಸುವ ಮೊದಲು ಹಿಂದಿನ ದಿನ ಹಾಕಿದ ಎಣ್ಣೆಯನ್ನೆಲ್ಲ ಒರೆಸಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಪೆಟ್ರೋಲಿನ ಪೈಪು ಮತ್ತು ಟ್ಯಾಂಕಿನಿಂದ ದೂರವಿದ್ದೀರೆಂದು ನೋಡಿಕೊಳ್ಳಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗಕ್ಕೆ ಬೆಂಕಿ ತೋರಿಸಲೇಬಾರದು, ವಿಷಾನಿಲ ಹುಟ್ಟುತ್ತದೆ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರಿನ ಬಳಿಯೂ ಬೆಂಕಿ ಬೇಡ.

ತಲೆ ಈಗಾಗಲೇ ಗೋಲಾಗಿದ್ದರೆ, ಹನ್ನೆರಡು ಮೂಲೆಯ ರಿಂಗ್ ಪಾನಾ ಬದಿಗಿಟ್ಟು, ಆರೇ ಮೂಲೆಯ ಸಾಕೆಟ್ ಹಚ್ಚಿ ನೋಡಿ. ಅದೂ ಜಾರಿದರೆ ಒಂದು ಅಳತೆ ಚಿಕ್ಕದಾದ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ. ಇಲ್ಲಿ ಮಾತ್ರ ಆ ಇಂಚಿನ ಪಾನಾಗಳ ಸಾಕೆಟ್ಟುಗಳು ಉಪಕಾರಕ್ಕೆ ಬರುತ್ತವೆ. ತಲೆ ಎತ್ತರವಾಗಿದ್ದರೆ ಕಾನಸಿನಿಂದ ಎದುರುಬದುರು ಎರಡು ಬದಿ ಚಪ್ಪಟೆಯಾಗಿ ಉಜ್ಜಿ ವೈಸ್ ಗ್ರಿಪ್ ಇಕ್ಕಳವನ್ನು ಗಟ್ಟಿಯಾಗಿ ಕಚ್ಚಿಸಬಹುದು. ತಲೆಯಲ್ಲಿನ ಆರು ಮೂಲೆಯ ಎಲೆನ್ ಕೀ ತೂತು ಸವೆದಿದ್ದರೆ ಅದಕ್ಕಿಂತ ಕೂದಲೆಳೆ ದೊಡ್ಡದಾದ, ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ಟನ್ನು ಬಡಿದು ಇಳಿಸಿದರೆ ಚೆನ್ನಾಗಿ ಹಿಡಿಯುತ್ತದೆ. ಪ್ಲಸ್ ಗೀರಿನ ಸ್ಕ್ರೂಗಳ ವಿಷಯ ಬೇರೆ: ಜಪಾನಿ ಮೂಲದ ಬೈಕುಗಳಲ್ಲಿ ತಲೆಯ ಮೇಲೆ ಸಣ್ಣ ಚುಕ್ಕೆಯಿರುವ ಸ್ಕ್ರೂ ಕಂಡರೆ ಅದು ಜೆಐಎಸ್ (ಜಪಾನಿನ ಅಳತೆಯ) ಮಾದರಿಯದು, ಮಾಮೂಲಿ ಫಿಲಿಪ್ಸ್ ಡ್ರೈವರ್ ಅದರಿಂದ ಮೇಲೆದ್ದು ಜಾರುತ್ತದೆ. ಅದಕ್ಕೆ ಸರಿಹೊಂದುವ ಬಿಟ್ ಹಾಕಿ, ಸುತ್ತಿಗೆಯಿಂದ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸುವುದು ಒಳ್ಳೆಯದು.

ಬೋಲ್ಟು ಮುರಿದೇ ಹೋಯಿತೆನ್ನಿ. ತುಂಡು ಹೊರಗೆ ಇಣುಕುತ್ತಿದ್ದರೆ ಅರ್ಧ ಗೆದ್ದಂತೆಯೇ. ಥ್ರೆಡ್ಡು ಉಳಿದಿದ್ದರೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು ಒಳಗಿನ ನಟ್ಟನ್ನು ತಿರುಗಿಸಬಹುದು. ಇಲ್ಲವಾದರೆ ತುಂಡಿನ ಮೇಲೆ ನಟ್ಟು ಇಟ್ಟು ಅದರ ತೂತಿನೊಳಗೆ ವೆಲ್ಡಿಂಗ್ ಮಾಡಿಸಬೇಕು. ನನ್ನ ಮಟ್ಟಿಗೆ ಡ್ರಿಲ್ಲಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ವೆಲ್ಡಿಂಗಿನ ಕಾವೇ ತುಕ್ಕನ್ನು ಬಿಡಿಸುತ್ತದೆ, ಅಲ್ಯುಮಿನಿಯಂ ಎರಕಕ್ಕೆ ಉಕ್ಕಿನ ವೆಲ್ಡಿಂಗ್ ಅಂಟುವುದೂ ಇಲ್ಲ. ಗೇಟು, ಗ್ರಿಲ್ ಮಾಡುವ ಅಂಗಡಿಯವರ ಕಡ್ಡಿ ವೆಲ್ಡಿಂಗ್ 8 ಅಥವಾ 10 ಮಿ.ಮೀ. ಬೋಲ್ಟಿಗೆ ಸಾಕಾಗುತ್ತದೆ, 6 ಮಿ.ಮೀ. ಬೋಲ್ಟಿಗೆ ಕಡ್ಡಿಯ ಬದಲು ಸಣ್ಣ ತಂತಿಯಿಂದ ಬೆಸೆಯುವ ಸಿಒಟು ವೆಲ್ಡಿಂಗ್ ಇರುವವರನ್ನೇ ಹುಡುಕಿ. ನಟ್ಟಿನ ಕೆಂಪು ಆರಿದ ಮೇಲೆ ಅವಸರವಿಲ್ಲದೆ ಹಿಂದೆ ಮುಂದೆ ಆಡಿಸಬೇಕು. ಮೊದಲ ನಟ್ಟು ಕಿತ್ತು ಬಂದರೆ ಇನ್ನೊಂದನ್ನು ಬೆಸೆಯಬಹುದು, ಇದರಿಂದ ಏನೂ ಕೆಡುವುದಿಲ್ಲ.

ಬೋಲ್ಟು ಮಟ್ಟಸವಾಗಿ ಅಥವಾ ಒಳಗೇ ಮುರಿದಿದ್ದರೆ ಡ್ರಿಲ್ ಹಿಡಿಯಲೇಬೇಕು. ಆಗ ನಿಮ್ಮ ಗಮನವೆಲ್ಲ ನಡುಬಿಂದುವಿನ ಮೇಲಿರಲಿ. ಮುರಿದ ಮುಖ ಓರೆಕೋರೆಯಾಗಿದ್ದರೆ ಡ್ರಿಲ್ ಬಿಟ್ಟು ಮೆತ್ತನೆಯ ಅಲ್ಯುಮಿನಿಯಂ ಕಡೆಗೆ ಜಾರಿಹೋಗುತ್ತದೆ, ಒಮ್ಮೆ ಜಾರಿದ ತೂತನ್ನು ನಡುವಿಗೆ ತರುವುದು ಬಲು ಕಷ್ಟ. ಸಾಧ್ಯವಿದ್ದರೆ ಮುಖವನ್ನು ಮೊದಲು ಸಮ ಮಾಡಿ, ಸೆಂಟರ್ ಪಂಚಿನಿಂದ ಹಗುರವಾಗಿ ಗುರುತಿಸಿ, ಬೇರೆ ಬೇರೆ ದಿಕ್ಕಿನಿಂದ ಕಣ್ಣಿಟ್ಟು ನೋಡಿ, ಸರಿಯೆನಿಸಿದ ಮೇಲೆ ಜೋರಾಗಿ ಹೊಡೆಯಿರಿ. ಎಂಜಿನ್ ಕವರಿನ ಬೋಲ್ಟು ಮುರಿದಾಗ ಇನ್ನೂ ಒಳ್ಳೆಯ ದಾರಿಯೊಂದಿದೆ. ಹೊರಗೆ ಕವರಿನ ತೂತಿಗೆ ಸರಿಯಾಗಿ ಕೂರುವ, ಒಳಗೆ 3 ಮಿ.ಮೀ. ತೂತು ಇರುವ, ಒಂದು ಇಂಚು ಉದ್ದದ ಬುಷ್ಷನ್ನು (ಸಣ್ಣ ಕೊಳವೆಯನ್ನು) ಲೇಥಿನಲ್ಲಿ ಮಾಡಿಸಿ, ಕವರನ್ನು ಉಳಿದ ಬೋಲ್ಟುಗಳಿಂದ ಮತ್ತೆ ಕೂರಿಸಿ, ಆ ಬುಷ್ಷನ್ನು ಕವರಿನ ತೂತಿನೊಳಗೆ ಇಳಿಸಿ ಅದರ ಮೂಲಕ ಡ್ರಿಲ್ ಹಾಯಿಸಿದರೆ, ಕವರೇ ನಡುವನ್ನು ತೋರಿಸಿಕೊಡುತ್ತದೆ. ಎರಕ ಮತ್ತು ಯಂತ್ರಭಾಗಗಳ ಕೆಲಸಕ್ಕೆ ಹೆಸರಾದ ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಅಂಗಡಿಗಳಿಗೆ ಬರವಿಲ್ಲ, ಅಲ್ಲಿ ಇದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ.

ಡ್ರಿಲ್ಲಿನ ವೇಗ ಕಡಿಮೆಯಿರಲಿ, ಒತ್ತಡ ಗಟ್ಟಿಯಾಗಿರಲಿ, ಹನಿ ಎಣ್ಣೆ ಬೀಳುತ್ತಿರಲಿ, ಕಣ್ಣಿಗೆ ಕನ್ನಡಕ ಇರಲೇಬೇಕು. ಬೋಲ್ಟಿನ ಉದ್ದ ಅಳೆದು ಬಿಟ್ಟಿಗೆ ಟೇಪು ಸುತ್ತಿ ಆಳವನ್ನು ಗುರುತು ಮಾಡಿಕೊಳ್ಳಿ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟು ಸಿಕ್ಕರೆ ಅದನ್ನೇ ಕೊಳ್ಳಿ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ತುಂಡು ಅದಕ್ಕೆ ಕಚ್ಚಿಕೊಂಡು ಹೊರಗೆ ಬಂದುಬಿಡುತ್ತದೆ. 6 ಮಿ.ಮೀ. ಬೋಲ್ಟಿಗೆ ಮೊದಲು 3, ಆಮೇಲೆ 4, ಕೊನೆಗೆ 5 ಮಿ.ಮೀ. ಎಂದು ತೂತನ್ನು ಹಿಗ್ಗಿಸುತ್ತ ಹೋಗಬೇಕು. ನಡು ತಪ್ಪದಿದ್ದರೆ 5ರ ಹೊತ್ತಿಗೆ ಬೋಲ್ಟಿನಲ್ಲಿ ಉಳಿಯುವುದು ಥ್ರೆಡ್ಡಿನ ಸುರುಳಿ ಮಾತ್ರ. ಅದನ್ನು ಸೂಜಿಯಂಥ ಕೊಕ್ಕೆಯಿಂದ ಎಬ್ಬಿಸಿದರೆ ಪೆನ್ನಿನ ಸ್ಪ್ರಿಂಗಿನಂತೆ ಬಿಚ್ಚಿಕೊಂಡು ಬರುತ್ತದೆ. 8 ಮಿ.ಮೀ. ಬೋಲ್ಟಿಗೆ ಈ ಕೊನೆಯ ಅಳತೆ 6.8 ಮಿ.ಮೀ.

ತೂತಿನೊಳಗೆ ಬಡಿದು ಉಲ್ಟಾ ತಿರುಗಿಸುವ ಎಕ್ಸ್‌ಟ್ರಾಕ್ಟರಿನ ಬಗ್ಗೆ ಏನೂ ಹೇಳಲಿಲ್ಲವೆಂದು ಕೆಲವರಿಗೆ ಅನಿಸಿರಬಹುದು. ತಲೆ ಹಾರಿದರೂ ಒಳಗೆ ಸಡಿಲವಾಗಿಯೇ ಇರುವ ಬೋಲ್ಟಿಗೆ ಅದು ಸರಿ, ತುಕ್ಕಿನಿಂದ ಕಚ್ಚಿದ ಸಣ್ಣ ಬೋಲ್ಟಿಗೆ ಅಲ್ಲ. ಗಟ್ಟಿ ಉಕ್ಕಿನ ಆ ಉಪಕರಣ ಗಾಜಿನಂತೆ ಮುರಿಯುತ್ತದೆ, ಮುರಿದ ಮೇಲೆ ಮಾಮೂಲಿ ಡ್ರಿಲ್ ಬಿಟ್ಟು ಅದರ ಮೇಲೆ ಗೀರು ಸಹ ಮೂಡಿಸಲಾರದು. ನನ್ನ ಬೈಕಿನ ಸೈಲೆನ್ಸರ್ ಸ್ಟಡ್ಡಿನೊಳಗೆ (ತಲೆಯಿಲ್ಲದ ಬೋಲ್ಟು) ಒಮ್ಮೆ ಹಾಗೆಯೇ ಮುರಿದು, ಎಂಜಿನ್ನಿನ ಹೆಡ್ ಬಿಚ್ಚಿ ಚೀಲದಲ್ಲಿಟ್ಟುಕೊಂಡು, ವಿದ್ಯುತ್ ಕಿಡಿಯಿಂದ ಲೋಹ ಸುಟ್ಟು ತೆಗೆಯುವ ಸ್ಪಾರ್ಕ್ ಮಷೀನಿನವರ ಬಳಿ ಹೋಗಬೇಕಾಯಿತು. ಅವರು ಬೆಳಕಿಗೆ ಹಿಡಿದು ನೋಡಿ, “ಸ್ಟಡ್ ಮುರದ ಕೂಡ್ಲೆ ಬಂದಿದ್ರ ಹತ್ತ್ ನಿಮಿಷದ ಕೆಲಸ ಇತ್ರೀ ಸರ್, ಈಗ ಮೊದ್ಲ ನಿಮ್ಮ ಎಕ್ಸ್‌ಟ್ರಾಕ್ಟರ್ ಸುಡಬೇಕ್ರಿ” ಎಂದರು.

ತುಂಡು ಬಂದ ಮೇಲೆ ತೂತನ್ನು ಥ್ರೆಡ್ಡು ಕೊರೆಯುವ, ಅದೇ ಅಳತೆಯ ಟ್ಯಾಪಿನಿಂದ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎನ್ನುತ್ತ ಸ್ವಚ್ಛ ಮಾಡಿ. ಥ್ರೆಡ್ಡೇ ಕಿತ್ತುಹೋಗಿದ್ದರೆ ದಪ್ಪ ಬೋಲ್ಟು ತುರುಕುವುದಕ್ಕಿಂತ ಹೆಲಿಕಾಯಿಲ್ (ಹೊಸ ಥ್ರೆಡ್ಡಾಗಿ ಕೂರುವ ತಂತಿಯ ಸುರುಳಿ) ಹಾಕಿಸುವುದು ಲೇಸು, ಅದರಿಂದ ಮೂಲ ಅಳತೆಯ ಬೋಲ್ಟೇ ಮತ್ತೆ ಕೂರುತ್ತದೆ. ಬ್ರೇಕು, ಸ್ಟೀರಿಂಗ್ ಮತ್ತು ಚಕ್ರಗಳ ಜಾಗದಲ್ಲಿ ಮಾತ್ರ ಇಂಥ ದುರಸ್ತಿಯನ್ನು ಮನೆಯಲ್ಲಿ ಮಾಡದೆ ಅನುಭವಿಗಳಿಗೆ ಒಪ್ಪಿಸಿ, ತಲೆಯ ಮೇಲಿನ 8.8 ಎಂಬಂಥ ಬಲದ ಗುರುತು ಹಳೆಯದಕ್ಕೆ ಹೊಂದುವ ಹೊಸ ಬೋಲ್ಟನ್ನೇ ಹಾಕಿಸಬೇಕು. ಸೈಲೆನ್ಸರ್ ಸ್ಟಡ್ಡಿಗೆ ಥ್ರೆಡ್ಡು ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ತಾಮ್ರದ ಆಂಟಿ-ಸೀಜ್ ಗ್ರೀಸು ಸವರಿ. ಬಿಗಿಮಾಡುವಾಗ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇಲ್ಲದಿದ್ದರೆ 6 ಮಿ.ಮೀ. ಬೋಲ್ಟಿಗೆ 10, 8 ಮಿ.ಮೀ. ಬೋಲ್ಟಿಗೆ 22 ನ್ಯೂಟನ್ ಮೀಟರ್ ಸಾಕು. ಗ್ರೀಸು ಹಚ್ಚಿದ ಥ್ರೆಡ್ಡಿಗೆ ಅದಕ್ಕಿಂತ ತುಸು ಕಡಿಮೆ. ಟಾರ್ಕ್ ಪಾನಾ ಇಲ್ಲದವರು ಗಿಡ್ಡ ಪಾನಾವನ್ನು ತುದಿಯಲ್ಲಿ ಹಿಡಿಯದೆ, ಬೋಲ್ಟಿನ ಸಮೀಪ ಮೂರು ಬೆರಳಿನಿಂದ ಹಿಡಿದು ಬಿಗಿದರೆ ಸಾಕಾಗುತ್ತದೆ.