ಎಂಜಿನ್ ಕೊನೆಗೆ: ತೊಗರಿ ಹೊಲದಲ್ಲಿ ಓಡುವ ಗೋ-ಕಾರ್ಟ್ ಕಟ್ಟುವ ಬಗೆ

ಗೋ-ಕಾರ್ಟ್, ಅಂದರೆ ನೆಲಕ್ಕೆ ಅಂಟಿದಂತೆ ಕೂತು ಓಡಿಸುವ ಪುಟ್ಟ ನಾಲ್ಕು ಚಕ್ರದ ಬಂಡಿ, ಕಟ್ಟೋಣ ಎಂದು ಬರುವ ಹುಡುಗರು ಮೊದಲು ಕೇಳುವುದು ಎಂಜಿನ್ ಯಾವುದು ಎಂದು. ಆ ಮಾತನ್ನು ನಾನು ಆರು ವಾರ ಮುಂದಕ್ಕೆ ಹಾಕುತ್ತೇನೆ. ಎಂಜಿನ್ ಇಲ್ಲದ ಬಂಡಿ ನೆಟ್ಟಗೆ ಉರುಳಬೇಕು, ತಿರುಗಿಸಿದ ಕಡೆ ತಿರುಗಬೇಕು, ತುಳಿದ ಕೂಡಲೇ ನಿಲ್ಲಬೇಕು. ಈ ಮೂರೂ ಆಗುವ ತನಕ ಎಂಜಿನ್ ನನ್ನ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದೊಳಗೆ ಕುಳಿತಿರುತ್ತದೆ.

ಕಲಬುರಗಿ ಜಿಲ್ಲೆಯಲ್ಲಿ, ವಾಡಿಗೂ ಶಹಾಬಾದಿಗೂ ನಡುವಿನ ಒಂದು ಊರಿನಲ್ಲಿ ನನ್ನ ವೆಲ್ಡಿಂಗ್ ಅಂಗಡಿ ಇದೆ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರಿನ ದುರಸ್ತಿ ನನ್ನ ಹೊಟ್ಟೆಪಾಡು. ಊರಿನ ಯುವಕ ಸಂಘದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಂದ ಹಿಡಿದು ಐಟಿಐ ಓದುವವರ ತನಕ ಹನ್ನೆರಡು ಜನರಿದ್ದಾರೆ, ಅವರಲ್ಲಿ ನಾಲ್ವರು ಹೆಣ್ಣುಮಕ್ಕಳು. ಎಲ್ಲರಿಗೂ ನಾನು ಕಾಕಾ. ಇವರು ಇದುವರೆಗೆ ಎರಡು ಬಂಡಿ ಕಟ್ಟಿದ್ದಾರೆ. ಎರಡರಲ್ಲೂ ಕಲಿತದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಹಿಡಿಯಲು ನಮ್ಮ ಕಡೆ ಒಳ್ಳೆಯ ಕಾಲವೆಂದರೆ ತೊಗರಿ ರಾಶಿ ಮುಗಿದ ಮೇಲೆ, ಜನವರಿಯ ನಡುವಿನಿಂದ. ಯುಗಾದಿಯ ಹೊತ್ತಿಗೆ ಬಂಡಿ ಓಡಬೇಕು. ಆಮೇಲಿನ ಬಿಸಿಲಿನಲ್ಲಿ ತಗಡಿನ ಶೆಡ್ಡಿನ ಕೆಳಗೆ ವೆಲ್ಡಿಂಗ್ ಮಾಡುವುದು ಮಕ್ಕಳಿಂದ ಆಗದ ಮಾತು. ಜೂನಿನಲ್ಲಿ ಮಳೆ ಬಿದ್ದರೆ ಎರೆ ಮಣ್ಣು ಚಕ್ರವನ್ನು ಹಿಡಿದು ಕೂರುತ್ತದೆ, ಎತ್ತಿನ ಬಂಡಿಯೇ ಹೂತುಹೋಗುವ ನೆಲ ಅದು.

ಇನ್ನೊಂದು ಮಾತನ್ನು ಮೊದಲ ದಿನವೇ ತಂದೆತಾಯಿಯರನ್ನು ಕೂಡಿಸಿ ಹೇಳಿಬಿಡಿ. ಈ ಬಂಡಿ ರಸ್ತೆಗೆ ಇಳಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ಅಂಗಡಿಯಿಂದ ಹೊಲದ ತನಕ ಟ್ರೇಲರಿನಲ್ಲಿ ಹೇರಿಕೊಂಡು ಹೋಗುತ್ತೇವೆ. ಹೊಲದ ಯಜಮಾನರ ಒಪ್ಪಿಗೆ ಇರಬೇಕು. ನಮ್ಮ ಸುತ್ತ ಹಳೆಯ ಕಲ್ಲುಗಣಿಗಳಿವೆ, ನೀರು ತುಂಬಿವೆ. ಅಂಥ ಹೊಂಡದ ಹತ್ತಿರದ ಬಯಲು ಎಷ್ಟೇ ಸಪಾಟಾಗಿರಲಿ, ಅಲ್ಲಿ ಬೇಡ.

ಈಗ ಚೌಕಟ್ಟು. ಒಂದೂಕಾಲು ಇಂಚಿನ, ಎರಡು ಮಿ.ಮೀ. ದಪ್ಪದ ಕಪ್ಪು ಎಂ.ಎಸ್. (ಸಾದಾ ಮೆತು ಉಕ್ಕಿನ) ಪೈಪ್ ಸಾಕು. ಮನೆಯ ಹಿಂದೆ ಬಿದ್ದಿರುವ ನೀರಿನ ಜಿ.ಐ. ಪೈಪನ್ನು ಯಾರಾದರೂ ತಂದೇ ತರುತ್ತಾರೆ. ಅದರ ಮೇಲಿರುವ ಸತುವಿನ ಲೇಪ ವೆಲ್ಡಿಂಗ್ ಬೆಂಕಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ನಾನೇ ಒಂದು ರಾತ್ರಿ ಮೂರು ಕಂಬಳಿ ಹೊದ್ದು ನಡುಗಿದ್ದೇನೆ. ಮಕ್ಕಳ ಕೆಲಸದಲ್ಲಿ ಜಿ.ಐ. ಪೈಪನ್ನು ಒಳಗೇ ಬಿಟ್ಟುಕೊಳ್ಳಬೇಡಿ.

ನಮ್ಮಲ್ಲಿ ಡ್ರಾಯಿಂಗ್ ಹಾಳೆಯ ಮೇಲೆ ಆಗುವುದಿಲ್ಲ. ಶಹಾಬಾದ್ ಫರಸಿ ಹಾಸಿದ ನೆಲವಿದೆ, ಅದರ ಮೇಲೆ ಸೀಮೆಸುಣ್ಣದಿಂದ ಬಂಡಿಯನ್ನು ಅದರ ಪೂರಾ ಗಾತ್ರದಲ್ಲೇ ಬರೆಯುತ್ತೇವೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 150 ಸೆಂ.ಮೀ., ಎಡ ಚಕ್ರದಿಂದ ಬಲ ಚಕ್ರಕ್ಕೆ 110. ಬರೆದ ಚಿತ್ರದೊಳಗೆ ಸಂಘದಲ್ಲೇ ಎತ್ತರದ ಹುಡುಗನನ್ನೂ ಗಿಡ್ಡ ಹುಡುಗಿಯನ್ನೂ ಕೂರಿಸಿ ಕಾಲು ಎಲ್ಲಿಗೆ ಬರುತ್ತದೆ, ಮೊಣಕೈ ಎಲ್ಲಿಗೆ ತಾಗುತ್ತದೆ ಎಂದು ಗುರುತು ಹಾಕುತ್ತೇವೆ. ಕತ್ತರಿಸಿದ ಪೈಪುಗಳನ್ನು ಗೆರೆಯ ಮೇಲೆ ಜೋಡಿಸುವಾಗ ಕೆಳಗೆ ಇಟ್ಟಿಗೆ ಇಡಿ, ಬಿಸಿ ನೇರವಾಗಿ ತಾಗಿದರೆ ಕಲ್ಲಿನ ಚಿಪ್ಪು ಸಿಡಿಯಬಹುದು. ಮೊದಲು ಎಲ್ಲ ಕಡೆ ಚುಕ್ಕೆ ವೆಲ್ಡಿಂಗ್ ಮಾತ್ರ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಆದರೆ ಚೌಕಟ್ಟು ಮೂಲೆಮಟ್ಟಕ್ಕಿದೆ. ಮೊದಲ ಬಂಡಿಯಲ್ಲಿ 8 ಮಿ.ಮೀ. ವ್ಯತ್ಯಾಸ ಬಂದಿತ್ತು, ಚುಕ್ಕೆ ಒಡೆದು ಮತ್ತೆ ಕೂಡಿಸಿದೆವು.

ಪೂರಾ ವೆಲ್ಡಿಂಗಿಗೆ ಕೈ ಹಾಕುವ ಮುನ್ನ ನಮ್ಮಲ್ಲಿ ಒಂದು ಪರೀಕ್ಷೆ ಇದೆ. ಪ್ರತಿಯೊಬ್ಬರೂ ಗೇಣುದ್ದದ ಎರಡು ತುಂಡು ಪೈಪನ್ನು ಅಡ್ಡ-ಉದ್ದ ಕೂಡಿಸಬೇಕು. ರಾಡು ಎರಡೂವರೆ ಮಿ.ಮೀ.ದು, 6013 ಎಂಬ ನಂಬರಿನದು. ಕರೆಂಟು 60ರಿಂದ 90 ಆಂಪಿಯರಿನ ನಡುವೆ, ತೆಳು ಪೈಪಿಗೆ ಕೆಳಗಿನ ಕಡೆಯದು. ಮುಖಕವಚದ ಗಾಜು 10 ಅಥವಾ 11ನೇ ನಂಬರು. ತಣ್ಣಗಾದ ಮೇಲೆ ಆ ತುಂಡನ್ನು ವೈಸಿನಲ್ಲಿ ಹಿಡಿದು, ಕೂಡಿಸಿದವರ ಕೈಗೇ ದೊಡ್ಡ ಸುತ್ತಿಗೆ ಕೊಡುತ್ತೇನೆ. ಪೈಪು ಬಾಗಿ ಬೆಸುಗೆ ಉಳಿದರೆ ಪಾಸು. ಬೆಸುಗೆಯೇ ಬಿಟ್ಟುಕೊಂಡರೆ ಒಳಗೆ ನೋಡಿ: ಮೇಲೆ ಹೊಳೆಯುವ ಗೆರೆ, ಕೆಳಗೆ ಕಿಟ್ಟ ತುಂಬಿದ ಕಪ್ಪು ಕುಳಿಗಳು, ಪೈಪಿನ ತುದಿ ಕರಗದೆ ಹಾಗೇ ಉಳಿದಿರುತ್ತದೆ. ಹೋದ ವರ್ಷ ಪಿಯುಸಿ ಓದುವ ಒಬ್ಬ ಹುಡುಗಿಯ ಗೆರೆ ವಕ್ರವಾಗಿತ್ತು, ಗೆಳೆಯನ ಗೆರೆ ಹೊಲಿಗೆಯಂತೆ ಅಂದವಾಗಿತ್ತು. ಹದಿನಾರು ಏಟಿಗೂ ಅವಳದು ಬಿಡಲಿಲ್ಲ, ಅವನದು ಎರಡನೆಯ ಏಟಿಗೆ ಬಿತ್ತು. ಆ ಬಂಡಿಯ ಹಿಂಭಾಗದ ಬೆಸುಗೆಯೆಲ್ಲ, ನಾನು ಪಕ್ಕದಲ್ಲಿ ನಿಂತಿದ್ದಂತೆ, ಅವಳೇ ಹಾಕಿದಳು. ಗ್ರೈಂಡರನ್ನು ಮಾತ್ರ ಹದಿನೆಂಟು ತುಂಬದವರ ಕೈಗೆ ನಾನು ಕೊಡುವುದಿಲ್ಲ.

ತಲೆಯ ಹಿಂದೆ ಕಮಾನು ಬೇಕು. ಹೆಲ್ಮೆಟ್ ಹಾಕಿ ಕುಳಿತಾಗ ಅದಕ್ಕಿಂತ ನಾಲ್ಕು ಬೆರಳಾದರೂ ಮೇಲಿರಬೇಕು. ಕಮಾನಿಗೆ ಹಿಂದಿನಿಂದ ಎರಡು ಊರುಗಾಲು. ಕಮಾನು ಇದ್ದು ಬೆಲ್ಟ್ ಇಲ್ಲದಿದ್ದರೆ ಮಗುಚಿದಾಗ ಆ ಕಮಾನೇ ಮೈಮೇಲೆ ಬೀಳುತ್ತದೆ, ಹಾಗಾಗಿ ಎರಡೂ ಒಟ್ಟಿಗೇ ಇರಲಿ. ಬೆಲ್ಟ್ ಹೊಸದೇ ಕೊಳ್ಳಿ. ಗುಜರಿಯಲ್ಲಿ ಸಿಗುವ ಕಾರಿನ ಬೆಲ್ಟ್ ಬಿಸಿಲಿಗೆ ಒಣಗಿ ಎಳೆ ಸತ್ತಿರುತ್ತದೆ.

ಚಕ್ರಕ್ಕೆ ನಾವು ಗುಜರಿಯನ್ನೇ ನಂಬಿದ್ದೇವೆ. ಮುಂದೆ ಹಳೆಯ ಚೇತಕ್ ಸ್ಕೂಟರಿನ 3.50-10 ಟೈರು, ಹಿಂದೆ ಆಟೋ ರಿಕ್ಷಾದ 4.00-8. ಚೇತಕ್ ಚಕ್ರ ಒಂದೇ ಬದಿಯಿಂದ ಕೂರುವುದರಿಂದ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಅದರ ರಿಮ್ ಎರಡು ಹೋಳು. ಹೋಳುಗಳನ್ನು ಕೂಡಿಸಿದ ನಟ್ಟುಗಳನ್ನು, ಚಕ್ರದ ನಡುವಿನ ಹಬ್‌ಗೆ ಬಿಗಿದ ನಟ್ಟುಗಳೆಂದು ತಿಳಿದು ಗಾಳಿ ಇರುವಾಗಲೇ ಬಿಚ್ಚಿದರೆ ರಿಮ್ ಸಿಡಿದು ಮುಖಕ್ಕೆ ಬರುತ್ತದೆ. ಮೊದಲು ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟುಬಿಡಿ, ಆಮೇಲೆ ಸ್ಪ್ಯಾನರ್ ಮುಟ್ಟಿ.

ಸ್ಟಿಯರಿಂಗಿನಲ್ಲಿ ಒಂದು ಹಳೆಯ ಜಾಣತನವಿದೆ. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ಸುತ್ತು ಹಾಕುತ್ತದೆ, ಹೊರಗಿನದು ದೊಡ್ಡ ಸುತ್ತು. ಎರಡೂ ಒಂದೇ ಕೋನದಲ್ಲಿ ತಿರುಗಿದರೆ ಯಾವುದೋ ಒಂದು ನೆಲ ಉಜ್ಜುತ್ತಲೇ ಇರುತ್ತದೆ. ಜರ್ಮನಿಯ ಸಾರೋಟು ತಯಾರಕ ಲ್ಯಾಂಕೆನ್ಸ್‌ಪೆರ್ಗರ್ ಇದಕ್ಕೆ ಪರಿಹಾರ ಹುಡುಕಿದ. 1818ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಪಡೆದವನು ಆಕರ್ಮನ್, ಹೆಸರೂ ಅವನದೇ ನಿಂತಿತು. ನಮ್ಮ ಫರಸಿಯ ಮೇಲೆ ಅದನ್ನು ಒಂದು ದಾರದಿಂದ ತೋರಿಸುತ್ತೇನೆ. ಮುಂಚಕ್ರ ಎಡಬಲಕ್ಕೆ ತಿರುಗುವ ನಿಲುಗೂಟವೇ ಕಿಂಗ್‌ಪಿನ್. ಮುಂದಿನ ಕಿಂಗ್‌ಪಿನ್ನಿಂದ ಹಿಂದಿನ ಆಕ್ಸಲ್ಲಿನ (ಹಿಂಚಕ್ರಗಳು ಕೂರುವ ಅಚ್ಚಿನ) ನಟ್ಟನಡುವಿಗೆ ದಾರ ಎಳೆಯಿರಿ. ಚಕ್ರವನ್ನು ತಿರುಗಿಸುವ ಸ್ಟಿಯರಿಂಗ್ ತೋಳು ಆ ದಾರದ ಮೇಲೆಯೇ ಮಲಗಬೇಕು. ಎರಡೂ ಬದಿಗೆ ಹೀಗೆ ಮಾಡಿದರೆ ಮುಗಿಯಿತು, ಲೆಕ್ಕ ಬೇಕಿಲ್ಲ. ಕಿಂಗ್‌ಪಿನ್ನಿನ ತಲೆ ತುಸು ಹಿಂದಕ್ಕೆ ವಾಲಿರಲಿ: 15 ಸೆಂ.ಮೀ. ಉದ್ದದ ಪಿನ್ನಿಗೆ ಎರಡೂವರೆ ಸೆಂ.ಮೀ. ಆಗ ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೆಟ್ಟಗಾಗುತ್ತದೆ.

ಹಿಂದಿನ ಆಕ್ಸಲ್ ಒಂದೇ ಉದ್ದನೆಯ ಸರಳು. 30 ಮಿ.ಮೀ. ದಪ್ಪದ, ಇ.ಎನ್.-8 ಎಂಬ ದರ್ಜೆಯ ಉಕ್ಕು, ಅದಕ್ಕೆ ಯು.ಸಿ.ಪಿ. 206 ನಂಬರಿನ ಎರಡು ಬೇರಿಂಗ್. ಹಬ್, ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ), ಬ್ರೇಕ್ ಡಿಸ್ಕ್ ಮೂರಕ್ಕೂ 8 ಮಿ.ಮೀ. ಕೀ, ಅಂದರೆ ಅವು ಸರಳಿನ ಮೇಲೆ ಜಾರದಂತೆ ಹಿಡಿಯುವ ಉಕ್ಕಿನ ತುಂಡು, ಕೂರುವ ತೋಡನ್ನು ಮಿಲ್ಲಿಂಗ್ ಯಂತ್ರದಲ್ಲಿ ಹೊಡೆಸಿ. ಹಬ್ಬನ್ನು ಸರಳಿಗೆ ನೇರವಾಗಿ ವೆಲ್ಡ್ ಮಾಡಿದರೆ ಬಿಸಿಗೆ ಸರಳು ಬಾಗುತ್ತದೆ, ಬೆಸುಗೆಯ ಪಕ್ಕದಲ್ಲೇ ಕಡಿಯುತ್ತದೆ.

ಇಲ್ಲಿ ಹೊಲದ ಲೆಕ್ಕವೂ ಬೇಕು. 4.00-8 ಟೈರಿನ ಎತ್ತರ ಸುಮಾರು 41 ಸೆಂ.ಮೀ., ಅಂದರೆ ಆಕ್ಸಲ್ ನೆಲದಿಂದ ಇಪ್ಪತ್ತು ಸೆಂ.ಮೀ. ಮೇಲಿದೆ. 42 ಹಲ್ಲಿನ ಸ್ಪ್ರಾಕೆಟ್ ಚೈನಿನ ಸಮೇತ ಒಂಬತ್ತು ಸೆಂ.ಮೀ. ಕೆಳಗೆ ಇಳಿಯುತ್ತದೆ. 24 ಸೆಂ.ಮೀ. ಅಗಲದ ಬೈಕಿನ ಡಿಸ್ಕ್ ಹನ್ನೆರಡು ಇಳಿಯುತ್ತದೆ. ನೆಲಕ್ಕೂ ಡಿಸ್ಕಿಗೂ ಉಳಿಯುವುದು ಎಂಟು ಸೆಂ.ಮೀ. ಮಾತ್ರ. ಕೊಯ್ದ ತೊಗರಿಯ ಕೂಳೆ ಅದಕ್ಕಿಂತ ಎತ್ತರವಿರುತ್ತದೆ, ಒಣಗಿದ ಮೇಲೆ ಗೂಟದಷ್ಟು ಗಟ್ಟಿ. ಹಾಗಾಗಿ ಆಕ್ಸಲ್ಲಿನ ಕೆಳಗೆ ಬಾಗಿಸಿದ ಪಟ್ಟಿಯ ರಕ್ಷಣೆ, ಕಾಲಿನ ಕೆಳಗೆ ಎರಡು ಮಿ.ಮೀ. ತಗಡು ಬೇಕೇ ಬೇಕು. ಓಡಿಸುವ ದಾರಿಯ ಕೂಳೆಯನ್ನು ಕಿತ್ತೇ ಬಿಡಬೇಕು. ಮಕ್ಕಳು ಎರಡು ಭಾನುವಾರ ಅದನ್ನೇ ಮಾಡಿದರು, ಆ ಕಟ್ಟಿಗೆ ಹೊಲದವರ ಒಲೆಗೆ ಹೋಯಿತು.

ಬ್ರೇಕ್ ಡಿಸ್ಕ್ ಆಕ್ಸಲ್ಲಿನ ಮೇಲೆಯೇ ಇರಲಿ. ಎಂಜಿನ್ ಕಡೆ ಇಟ್ಟರೆ ಚೈನು ಕಡಿದ ಕ್ಷಣಕ್ಕೆ ಬ್ರೇಕೂ ಹೋಗುತ್ತದೆ. ಪೆಡಲ್ ಮೆತ್ತಗೆ ಒಳಗೆ ಹೋದರೆ ಕೊಳವೆಯಲ್ಲಿ ಗಾಳಿ ಇದೆ ಎಂದರ್ಥ, ಗುಳ್ಳೆ ನಿಲ್ಲುವ ತನಕ ಬ್ರೇಕ್ ಎಣ್ಣೆ ಹಾಯಿಸಿ.

ಇಲ್ಲಿಂದ ಎರಡು ವಾರ ನೂಕುವ ಕೆಲಸ. ಒಬ್ಬರು ಕೂರುತ್ತಾರೆ, ಇಬ್ಬರು ಓಡುತ್ತ ನೂಕುತ್ತಾರೆ, ಸುಣ್ಣದ ಗೆರೆ ಬಂದಾಗ ಕೂತವರು ಬ್ರೇಕ್ ತುಳಿಯುತ್ತಾರೆ. ಎರಡೂ ಹಿಂಚಕ್ರ ನಿಂತು ಮಣ್ಣಿನಲ್ಲಿ ಗೆರೆ ಎಳೆಯಬೇಕು. ಬೈಕು ಕಾಣದ ಮನೆಯ ಮಕ್ಕಳಿಗೂ ಆಗ ಕಾಲಿಗೆ ಅಭ್ಯಾಸವಾಗುತ್ತದೆ. ಬೆಸುಗೆ ಬಿರುಕು ಬಿಡುವುದಿದ್ದರೆ ಈಗಲೇ ಬಿಡುತ್ತದೆ. ನಮ್ಮ ಎರಡನೆಯ ಬಂಡಿಯಲ್ಲಿ ಸ್ಟಿಯರಿಂಗ್ ತೋಳನ್ನು ಎಳೆಯುವ ಟೈ ರಾಡಿನ ಬ್ರಾಕೆಟ್ ಕಿತ್ತುಬಂದದ್ದು ಹೀಗೆ ನೂಕುವಾಗ. ಬಂಡಿ ನಾಲ್ಕು ಹೆಜ್ಜೆ ಅಡ್ಡಕ್ಕೆ ಹೋಗಿ ನಿಂತಿತು, ಯಾರಿಗೂ ಏನೂ ಆಗಲಿಲ್ಲ. ಎಂಜಿನ್ ಇದ್ದಿದ್ದರೆ ಎಂದು ನೆನೆದರೆ ಈಗಲೂ ನನ್ನ ಎದೆ ಝಲ್ಲೆನ್ನುತ್ತದೆ.

ಈಗ ಎಂಜಿನ್. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಮೊದಲ ಗೋ-ಕಾರ್ಟ್ ಕಟ್ಟಿದಾಗ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಹಾಕಿದ್ದನಂತೆ. ನಮ್ಮ ಕಡೆ ಅಂಥದ್ದು ಎಲ್ಲಿದೆ? ಅಪಘಾತದಲ್ಲಿ ನುಜ್ಜಾದ 100 ಸಿ.ಸಿ. ಬೈಕಿನ ಎಂಜಿನ್ ಸಿಗುತ್ತದೆ. ಆರ್.ಸಿ. ನಕಲಿನೊಂದಿಗೆ ಎಂಜಿನ್ ನಂಬರು ತಾಳೆ ನೋಡಿ, ಬಿಲ್ ಬರೆಸಿಕೊಳ್ಳಿ. ಕಳವಿನ ಮಾಲು ಮಕ್ಕಳ ಕೈಗೆ ಬರಬಾರದು.

ಬೈಕಿನಲ್ಲಿ ಇದ್ದ ಹಾಗೆಯೇ ಕೂರಿಸಿ: ಚೈನು ಎಡಕ್ಕೆ, ಸಿಲಿಂಡರ್ ಮುಂದಕ್ಕೆ. ಕಾರ್ಬ್ಯುರೇಟರ್ ಕೈಗೆ ಸಿಗಲಿ ಎಂದು ನಮ್ಮ ಹುಡುಗರು ಮೊದಲ ಸಲ ಎಂಜಿನ್ನನ್ನು ತಿರುಗಿಸಿ ಬಿಗಿದಿದ್ದರು. ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ ಚಾಲೂ ಮಾಡಿದಾಗ ಹಿಂಚಕ್ರಗಳು ಹಿಂದಕ್ಕೆ ತಿರುಗಿದವು! ನೆಲಕ್ಕೆ ಇಳಿಸುವ ಮುನ್ನ ಎತ್ತಿ ಓಡಿಸಿ ನೋಡಬೇಕು ಎನ್ನುವುದು ಇದಕ್ಕೇ.

ವೇಗದ ಲೆಕ್ಕ ಸುಲಭ. ಬೈಕಿನ ಚಕ್ರ ಸುಮಾರು 60 ಸೆಂ.ಮೀ., ನಮ್ಮದು 41. ಎರಡೂ ಕಡೆಯ ಸ್ಪ್ರಾಕೆಟಿನ ಹಲ್ಲು ಬೈಕಿನಲ್ಲಿದ್ದಷ್ಟೇ ಇದ್ದರೆ ಬೈಕಿನ ವೇಗದ ಮೂರರಲ್ಲಿ ಎರಡು ಭಾಗ ಬರುತ್ತದೆ. ಬೈಕು 40ರಲ್ಲಿ ಓಡುವ ಕಡೆ ಬಂಡಿ 27ರಲ್ಲಿ. ನೆಲಕ್ಕೆ ಅಂಟಿ ಕುಳಿತವರಿಗೆ ಅದೇ ಬಹಳ ಜೋರು. ಗೇರ್ ಲಿವರನ್ನು ಸೀಟಿನ ಹಿಂದೆ, ಕುಳಿತವರ ಕೈಗೆ ಸಿಗದ ಹಾಗೆ ಬಿಟ್ಟಿದ್ದೇವೆ. ಕಲಿಯುವವರಿಗೆ ಮೊದಲನೆಯ ಗೇರು, ಅದನ್ನು ಹಾಕಿಕೊಡುವವನು ನಾನು. ಆಕ್ಸಿಲರೇಟರ್ ಪೆಡಲಿನ ಕೆಳಗೆ ಒಂದು ಬೋಲ್ಟ್, ಅದನ್ನು ಎತ್ತರಿಸಿದಷ್ಟೂ ಪೆಡಲ್ ಕಡಿಮೆ ಇಳಿಯುತ್ತದೆ. ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ ಎರಡಿರಲಿ: ಒಂದು ಸ್ಟಿಯರಿಂಗ್ ಹತ್ತಿರ, ಇನ್ನೊಂದು ಕಮಾನಿನ ಮೇಲೆ, ಹೊರಗಿದ್ದವರ ಕೈಗೆ ಎಟುಕುವಂತೆ. ಸೀಟಿನ ಹಿಂದೆ ಗಾಳಿ ಬೀಸುವುದಿಲ್ಲವಾದ್ದರಿಂದ ಹದಿನೈದು ನಿಮಿಷಕ್ಕೊಮ್ಮೆ ಎಂಜಿನ್ ಆರಲು ಬಿಡಿ.

ಚೈನು, ಆಕ್ಸಲ್ ಎರಡನ್ನೂ ತಗಡಿನಿಂದ ಪೂರ್ತಿ ಮುಚ್ಚಿ. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಜಡೆ, ದುಪಟ್ಟಾ, ಟವೆಲ್, ಸಡಿಲ ಪೈಜಾಮ ತಿರುಗುವ ಸರಳಿಗೆ ಸಿಕ್ಕರೆ ಬಿಡಿಸುವಷ್ಟು ಹೊತ್ತು ಇರುವುದಿಲ್ಲ. ಹೆಣ್ಣುಮಕ್ಕಳು ಜಡೆಯನ್ನು ಸುತ್ತಿ ಹೆಲ್ಮೆಟ್ಟಿನೊಳಗೆ ಸೇರಿಸಬೇಕು, ದುಪಟ್ಟಾ ಅಂಗಡಿಯ ಮೊಳೆಗೆ ತೂಗಬೇಕು. ಒಬ್ಬ ತಾಯಿ ಬಂದು, ದುಪಟ್ಟಾ ಇಲ್ಲದೆ ಹೊಲದಲ್ಲಿ ಹೇಗೆ ಎಂದು ಕೇಳಿದರು. ಮುಚ್ಚಳ ತೆಗೆದು ತಿರುಗುವ ಚೈನನ್ನು ದೂರದಿಂದ ತೋರಿಸಿ, ಒಂದು ಹಳೆಯ ಬಟ್ಟೆಯ ತುದಿಯನ್ನು ಕೋಲಿನಿಂದ ಅದಕ್ಕೆ ತಾಗಿಸಿದೆ. ಮರುವಾರ ಮಗಳಿಗೆ ಗುಂಡಿಯ ಉದ್ದ ತೋಳಿನ ಅಂಗಿ ಹೊಲಿಸಿ ಕಳಿಸಿದ್ದರು.

ಹೆಲ್ಮೆಟ್ ಐ.ಎಸ್.ಐ. ಗುರುತಿನದು, ಮುಖ ಪೂರ್ತಿ ಮುಚ್ಚುವಂಥದ್ದು. ಎರೆ ಮಣ್ಣಿನ ದೂಳು ಕಣ್ಣಿಗೆ ಬಂದರೆ ತಿರುವೇ ಕಾಣುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಸೈಲೆನ್ಸರಿನಿಂದ ದೂರ, ಲೀಟರಿಗಿಂತ ಹೆಚ್ಚು ತುಂಬುವುದು ಬೇಡ. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಹೊಲದ ಬದುವಿನಲ್ಲಿ ನಿಂತವರ ಹತ್ತಿರ ಇರಲಿ.

ಪ್ರತಿ ನಟ್ಟು ಬಿಗಿದ ಮೇಲೆ ನಟ್ಟಿನಿಂದ ಚೌಕಟ್ಟಿನ ತನಕ ಹಳದಿ ಬಣ್ಣದ ಒಂದು ಗೆರೆ ಎಳೆಯಿರಿ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ನಮ್ಮ ಬಂಡಿಯಲ್ಲಿ ಅಂಥ ಗೆರೆಗಳು 46. ಓಟ ಮುಗಿದ ಮೇಲೆ ಸಂಘದ ಅತಿ ಕಿರಿಯ ಹುಡುಗ ಚೈನಿನ ಮಣ್ಣು ಕೆರೆದು, ನೋಟುಪುಸ್ತಕ ಹಿಡಿದು ಒಂದೊಂದನ್ನೇ ಎಣಿಸುತ್ತಾನೆ. ಅವನು 46 ಎಂದು ಕೂಗಿದ ಮೇಲೆಯೇ ಬಂಡಿ ಟ್ರೇಲರ್ ಹತ್ತುತ್ತದೆ.