ಹಳೆಯ ಫ್ರೆಂಚ್ ಹೆಲ್ಮೆಟ್ಟಿಗೆ ರಟ್ಟಿನ ಮುಖಗವಚ ಮಾಡೋದು ಹೀಗೆ

ಮೊಮ್ಮಗಳ ಶಾಲೆಯ ಪ್ರದರ್ಶನಕ್ಕೆ ಒಂದು ಮಾದರಿ ಬೇಕಿತ್ತು. ನಾನು ಸೇನೆಯ ವರ್ಕ್‌ಶಾಪಿನಲ್ಲಿ ದುಡಿದು ಬಂದವನು. ಈಗ ಪೊನ್ನಂಪೇಟೆಯ ಮನೆಯ ಜಗಲಿಯೇ ನನ್ನ ವರ್ಕ್‌ಶಾಪ್.

ಫ್ರೆಂಚ್ ಸೇನೆಗೆ ಆಡ್ರಿಯಾನ್ ಹೆಲ್ಮೆಟ್ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರಲ್ಲಿ. ಉಕ್ಕಿನ ತಗಡು ಸುಮಾರು 0.7 ಮಿ.ಮೀ. ಮಾತ್ರ. ಮೇಲಿನಿಂದ ಬೀಳುವ ಶೆಲ್ ಚೂರು, ಕಲ್ಲು ತಡೆಯಲು ಅದು ಸಾಕು. ಆದರೆ ಮುಖ ಬಯಲಾಗಿಯೇ ಉಳಿಯಿತು. ಕಂದಕದಿಂದ ಇಣುಕಿದವನ ಕಣ್ಣಿಗೇ ಚೂರು ಬಡಿಯುತ್ತಿತ್ತು. ಹಾಗಾಗಿ ಯುದ್ಧದ ಕೊನೆಯ ವರ್ಷಗಳಲ್ಲಿ ಪೊಲಾಕ್ ಎಂಬ ವೈದ್ಯರೂ, ಲೋಹದ ಕಲೆಗಾರ ಜಾನ್ ದ್ಯುನಾಂ ಅವರೂ ಅಡ್ಡಸೀಳುಗಳಿದ್ದ ಉಕ್ಕಿನ ಮುಖಗವಚ ಮಾಡಿ ನೋಡಿದರು. ಒಬ್ಬ ವೈದ್ಯ, ಒಬ್ಬ ಕಲೆಗಾರ, ಇಬ್ಬರಿಗೂ ಕಣ್ಣಿನದೇ ಚಿಂತೆ. ಈ ಮಾತು ನನಗೆ ತುಂಬಾ ಹಿಡಿಸಿತು.

ಮಾದರಿಗೆ ಟೊಪ್ಪಿ ಬೇಕು. ಉಂಡೆ ಪಾತ್ರೆಯ ಮೇಲೆ ಪೇಪರ್, ಗೋಂದು ಪದರ ಪದರವಾಗಿ ಅಂಟಿಸಿ, ಒಣಗಿದ ಮೇಲೆ ಮುಂದೆ, ಹಿಂದೆ ಅಂಚು ಕೂರಿಸಿ. ನಡುನೆತ್ತಿಗೆ ಒಂದು ಶಿಖೆಯ ಪಟ್ಟಿ ಅಂಟಿಸಲು ಮರೆಯಬೇಡಿ. ಬಣ್ಣ ಮಂಕಾದ ನೀಲಿ-ಬೂದು.

ಮುಖಗವಚಕ್ಕೆ ದಪ್ಪ ರಟ್ಟು ತಗೊಳ್ಳಿ. ಮೊದಲು ನೀರು ಸವರಿ, ದೊಡ್ಡ ಎಣ್ಣೆ ಡಬ್ಬಕ್ಕೆ ಸುತ್ತಿ, ಹಗ್ಗ ಕಟ್ಟಿ. ನಮ್ಮೂರ ಮಳೆಗಾಲದಲ್ಲಿ ಬಿಸಿಲು ಸಿಗೋದಿಲ್ಲ ಅಲ್ವಾ? ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟೆ. ಬಾಗಿಸಿದ ಮೇಲೇ ಸೀಳು ಕೊಯ್ಯಿರಿ. ಮೊದಲೇ ಕೊಯ್ದು ನೆನೆಸಿದರೆ ಪಟ್ಟಿಗಳು ತಿರುಚಿಕೊಳ್ಳುತ್ತವೆ.

ಈಗ ಅಳತೆ. ಇದೇ ಜೀವಾಳ. ಮೊದಲ ಸಲ 1 ಸೆ.ಮೀ. ಪಟ್ಟಿ, 1 ಸೆ.ಮೀ. ಸೀಳು ಮಾಡಿ, ಕಣ್ಣಿನಿಂದ ದೂರ ಕೂರಿಸಿದೆ. ಹಾಕಿಕೊಂಡು ಜಗಲಿ ಮೆಟ್ಟಿಲಿಗೆ ಕಾಲಿಟ್ಟೆ, ಮೆಟ್ಟಿಲೇ ಕಾಣಲಿಲ್ಲ. ಎರಡನೇದಕ್ಕೆ ಪಟ್ಟಿಯೂ ಸೀಳೂ ತಲಾ 2 ಮಿ.ಮೀ. ಹಗಲಲ್ಲಿ ಕಣ್ಣಿನ ಪಾಪೆ ಸುಮಾರು 2ರಿಂದ 4 ಮಿ.ಮೀ. ಅಗಲ. ಪಾಪೆಗಿಂತ ತೆಳುವಾದ ಪಟ್ಟಿ ಕಣ್ಣಿಗೆ ತೀರಾ ಹತ್ತಿರ ಬಂದರೆ ನೋಟವನ್ನು ಪೂರ್ತಿ ಮುಚ್ಚಲಾರದು. ಸುಮ್ನೆ ಮಸುಕಾಗಿ ಕರಗಿಹೋಗುತ್ತದೆ. ಹಾಕಿ ನೋಡಿದಾಗ ಕಾಫಿ ಗಿಡದ ಒಂದೊಂದು ಎಲೆಯೂ ಕಂಡಿತು! ಬೆಳಕು ಮಾತ್ರ ಅರ್ಧ. ಮರದ ನೆರಳಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ.

ಕಣ್ಣಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಒಳ್ಳೇದು, ರೆಪ್ಪೆಗೆ ತಾಗದಿರಲಿ. ದ್ಯುನಾಂ ಮಾಡಿದ ಕವಚವನ್ನು ಮೇಲೆತ್ತಬಹುದಿತ್ತು. ನಾನು ಅದನ್ನು ಬಿಟ್ಟೆ. ಮುಂದಿನ ಅಂಚು ಚಾಚಿರುವುದರಿಂದ, ಎತ್ತುವ ಹಾಗೆ ಮಾಡಿದರೆ ನಮ್ಮ ರಟ್ಟು ಮುಂದಕ್ಕೆ ಹೋಗಿಬಿಡುತ್ತದೆ. ಅಂಚಿನ ಒಳಗಿನಿಂದ ಬಟ್ಟೆ ಟೇಪು ಹಚ್ಚಿ ಇಳಿಬಿಡಿ. ಸೀಳುಗಳ ನಡುವೆ, ಮೂಗಿನ ನೇರಕ್ಕೆ, ಒಂದು ಉದ್ದ ಪಟ್ಟಿ ಕೊಯ್ಯದೆ ಉಳಿಸಿ. ಇಲ್ಲದಿದ್ದರೆ ರಟ್ಟು ಜೋಲುತ್ತದೆ. ಬ್ಲೇಡು ಹಿಡಿಯೋದು ದೊಡ್ಡವರೇ ಆಗಲಿ. ಇದನ್ನು ಹಾಕಿಕೊಂಡು ಮಕ್ಕಳು ಓಡಬಾರದು. ಯಾವ ಪೆಟ್ಟನ್ನೂ ಇದು ತಡೆಯಲ್ಲ.

ಪ್ರದರ್ಶನದ ಮೇಜಿನ ಮೇಲೆ ಎರಡೂ ಕವಚ ಇಡಿ, ನನ್ನ ಕೆಟ್ಟ ಮೊದಲನೆಯದೂ ಸೇರಿ. ಬಂದವರು ಕೈ ಚಾಚಿ ಹಿಡಿದು ನೋಡಲಿ, ಆಮೇಲೆ ಕಣ್ಣಿಗೆ ತರಲಿ.